ಸೋಲ್‌ಗೆ ಬಂದ ಅಧಿಕಾರಿ, ಎಂಟು ತಿಂಗಳ ಮೌನ: ಉತ್ತರ ಕೊರಿಯಾ ತೊರೆದವರ ಸುದ್ದಿ ತಡವಾಗುವುದೇಕೆ?

2024ರ ಜುಲೈ 14ರಂದು ದಕ್ಷಿಣ ಕೊರಿಯಾ ಸರ್ಕಾರ ಉತ್ತರದಿಂದ ಬಂದವರಿಗಾಗಿ ಒಂದು ವಿಶೇಷ ದಿನವನ್ನು ಮೊದಲ ಬಾರಿಗೆ ಆಚರಿಸಿತು. ಎರಡು ದಿನ ಕಳೆದು ಚೋಸುನ್ ಇಲ್ಬೊ ಪತ್ರಿಕೆ ಒಂದು ಸುದ್ದಿ ಪ್ರಕಟಿಸಿತು: ಕ್ಯೂಬಾದ ಉತ್ತರ ಕೊರಿಯಾ ರಾಯಭಾರ ಕಚೇರಿಯಲ್ಲಿ ರಾಜಕೀಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಹಿರಿಯ ಅಧಿಕಾರಿ ರಿ ಇಲ್-ಕ್ಯೂ ಕುಟುಂಬ ಸಮೇತ ಸೋಲ್‌ನಲ್ಲಿದ್ದಾರೆ. ಅವರು ಬಂದದ್ದು ಮಾತ್ರ 2023ರ ನವೆಂಬರ್‌ನಲ್ಲಿ! ಮತ್ತೆರಡು ದಿನಕ್ಕೆ ಇನ್ನೊಂದು ಸುದ್ದಿ. 2016ರಲ್ಲಿ ಲಂಡನ್‌ನಿಂದ ತಪ್ಪಿಸಿಕೊಂಡು ಬಂದಿದ್ದ ಉತ್ತರ ಕೊರಿಯಾದ ಉಪ ರಾಯಭಾರಿ ಥೇ ಯಾಂಗ್-ಹೊ ಅವರಿಗೆ ದಕ್ಷಿಣ ಕೊರಿಯಾ ಸರ್ಕಾರದಲ್ಲಿ ಉಪಸಚಿವ ದರ್ಜೆಯ ಹುದ್ದೆ.

ಇವನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಒಬ್ಬರು (ಥೇ) ಬಂದ ಕೆಲವೇ ವಾರಗಳಲ್ಲಿ ಸರ್ಕಾರವೇ ಅವರ ಹೆಸರು ಹೇಳಿತು. ಇನ್ನೊಬ್ಬರ ವಿಷಯ ಎಂಟು ತಿಂಗಳು ಮುಚ್ಚಿಟ್ಟಿತು. ಇಟಲಿಯಲ್ಲಿ ಪ್ರಭಾರ ರಾಯಭಾರಿಯಾಗಿದ್ದ ಜೋ ಸಾಂಗ್-ಗಿಲ್ ಅಂತೂ 2019ರ ಜುಲೈನಲ್ಲೇ ದಕ್ಷಿಣಕ್ಕೆ ಬಂದಿದ್ದರೂ 2020ರ ಅಕ್ಟೋಬರ್‌ವರೆಗೆ ಹೊರಗಿನವರಿಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ಅವರು ವೇದಿಕೆ ಹತ್ತಲಿಲ್ಲ. ಹುದ್ದೆಯಲ್ಲಿ ಹೆಚ್ಚುಕಡಿಮೆ ಸಮಾನರಾದ ಇವರ ಬದುಕು ಬೇರೆ ಬೇರೆ ದಾರಿ ಹಿಡಿದದ್ದೇಕೆ?

ಅಧಿಕಾರಿಯ ಧೈರ್ಯ, ಅವನ ಬಳಿಯಿರುವ ರಹಸ್ಯ, ಆಶ್ರಯ ಕೊಟ್ಟ ದೇಶದ ಔದಾರ್ಯ ಎಂದೆಲ್ಲ ಕಾರಣ ಹೇಳುವುದುಂಟು. ಅವಕ್ಕೂ ಪಾಲಿದೆ. ಆದರೆ ಪ್ರಕರಣಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಹೆಚ್ಚು ತೂಗುವುದು ಬೇರೆಯೇ ಪ್ರಶ್ನೆ: ಅವನು ಬಂದ ಸುದ್ದಿಯನ್ನು ಯಾರು, ಯಾವಾಗ ಹೊರಗೆ ಬಿಟ್ಟರು? ಹಿಂದೆ ಉಳಿದವರ ಗತಿ, ಬಂದವನ ಸುರಕ್ಷತೆ, ಮುಂದಿನ ಅನ್ನದ ದಾರಿ ಬಹುಮಟ್ಟಿಗೆ ಅದಕ್ಕೇ ತಗುಲಿಕೊಂಡಿವೆ.

ಸವಲತ್ತು ಇದ್ದವರು ಬರುವುದೇಕೆ?

ವಿದೇಶಕ್ಕೆ ಕಳಿಸಲ್ಪಡುವ ಉತ್ತರ ಕೊರಿಯಾದ ಅಧಿಕಾರಿ ಸಾಮಾನ್ಯನಲ್ಲ. ತಾತ, ತಂದೆಯ ಕಾಲದಿಂದ ಪಕ್ಷನಿಷ್ಠೆಯ ದಾಖಲೆ ಶುದ್ಧವಾಗಿದ್ದರಷ್ಟೇ ಆ ಹುದ್ದೆ. ಆದರೂ ವಿದೇಶದಲ್ಲಿ ಅವನ ದಿನಚರಿ ಹೊರಗಿನವರು ಊಹಿಸುವಂಥದ್ದಲ್ಲ. ಅನೇಕ ಕುಟುಂಬಗಳು ರಾಯಭಾರ ಕಚೇರಿಯ ಆವರಣದೊಳಗೇ ಒಟ್ಟಿಗೆ ವಾಸಿಸುತ್ತವೆ. ತಪ್ಪೊಪ್ಪಿಕೊಂಡು ಪರಸ್ಪರ ಟೀಕಿಸಿಕೊಳ್ಳುವ ಸಭೆ ನಿಯಮಿತವಾಗಿ ನಡೆಯುತ್ತದೆ. ರಾಜ್ಯ ಭದ್ರತಾ ಇಲಾಖೆಯವನೊಬ್ಬ ಸಹೋದ್ಯೋಗಿಯ ವೇಷದಲ್ಲಿ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಾನೆ. ಸಂಬಳ ಅಲ್ಪ. ಮೇಲಾಗಿ ಅಂತರರಾಷ್ಟ್ರೀಯ ನಿರ್ಬಂಧಗಳ ಕಾಲದಲ್ಲಿ ಕಚೇರಿಯ ಖರ್ಚನ್ನು ತಾನೇ ದುಡಿದು ತೂಗಿಸಬೇಕು, ಪ್ಯಾಂಗ್ಯಾಂಗ್‌ಗೂ ಹಣ ಕಳಿಸಬೇಕು.

ಇಷ್ಟಕ್ಕೇ ಯಾರೂ ಓಡಿಹೋಗುವುದಿಲ್ಲ. ಓಡಿಸುವುದು ಸಾಮಾನ್ಯವಾಗಿ ಮೂರರಲ್ಲೊಂದು: ವಾಪಸ್ ಬರುವಂತೆ ಆದೇಶ, ಮಕ್ಕಳ ಭವಿಷ್ಯ, ಇಲ್ಲವೇ ಮೇಲಿನವನೊಬ್ಬನ ಸಣ್ಣತನ. ರಿ ಇಲ್-ಕ್ಯೂ ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ಲಂಚ ಕೇಳಿದ ವಿದೇಶಾಂಗ ಇಲಾಖೆಯ ಮೇಲಧಿಕಾರಿಗೆ ತೃಪ್ತಿಯಾಗುವಷ್ಟು ಕೊಡದಿದ್ದಕ್ಕೆ ಅವರ ಕೆಲಸದ ಮೌಲ್ಯಮಾಪನ ಕೆಟ್ಟಿತು. ಆಮೇಲೆ ಕುತ್ತಿಗೆಯ ಡಿಸ್ಕ್ ಸಮಸ್ಯೆಗೆ ಮೆಕ್ಸಿಕೊದಲ್ಲಿ ಚಿಕಿತ್ಸೆ ಪಡೆಯಲು ಅನುಮತಿ ಕೇಳಿದರೆ ಒಂದು ದಿನದೊಳಗೆ ‘ಇಲ್ಲ’ ಎಂಬ ಉತ್ತರ ಬಂತು. ಇದೇ ವ್ಯಕ್ತಿ 2013ರಲ್ಲಿ ಪನಾಮದಲ್ಲಿ ಶಸ್ತ್ರಾಸ್ತ್ರ ಸಮೇತ ಸಿಕ್ಕಿಬಿದ್ದ ಉತ್ತರ ಕೊರಿಯಾದ ಹಡಗನ್ನು ಬಿಡಿಸುವ ಕೆಲಸದಲ್ಲಿದ್ದು ಮೆಚ್ಚುಗೆ ಪಡೆದವರು. ಕ್ಯೂಬಾ–ದಕ್ಷಿಣ ಕೊರಿಯಾ ಸಂಬಂಧ ಕುದುರದಂತೆ ತಡೆಯುವುದೂ ಅವರ ಪಾಲಿನ ಕೆಲಸವಾಗಿತ್ತು. ಅವರು ಹೊರಟ ಮೂರು ತಿಂಗಳಿಗೆ, 2024ರ ಫೆಬ್ರುವರಿ 14ರಂದು, ಆ ಸಂಬಂಧ ಏರ್ಪಟ್ಟಿತು.

ಸಿದ್ಧಾಂತದ ಭಿನ್ನಾಭಿಪ್ರಾಯದಿಂದ ಬಂದವರು ಇಲ್ಲವೆಂದಲ್ಲ. ಆಡಳಿತದ ‘ಜುಚೆ’ (ಸ್ವಾವಲಂಬನೆ) ಸಿದ್ಧಾಂತಕ್ಕೆ ರೂಪ ಕೊಟ್ಟ ಹ್ವಾಂಗ್ ಜಾಂಗ್-ಯಾಪ್ ಅಂಥವರು. ಆದರೆ ಬಹುಪಾಲು ಪ್ರಕರಣಗಳಲ್ಲಿ ಸಿದ್ಧಾಂತ ಮನಸ್ಸಿನಲ್ಲಿ ಹಳಸಿ ವರ್ಷಗಳಾಗಿರುತ್ತವೆ. ಬಾಗಿಲು ದಾಟಿಸುವುದು ಇಂಥದೊಂದು ‘ಇಲ್ಲ’.

2020ರ ನಂತರ ಈ ಒತ್ತಡ ಒಟ್ಟಿಗೆ ಮೇಲೆ ಬಿತ್ತು. ಕೋವಿಡ್ ಕಾರಣ ಉತ್ತರ ಕೊರಿಯಾ 2020ರ ಜನವರಿಯಲ್ಲಿ ಗಡಿ ಮುಚ್ಚಿತು. ತನ್ನವರು ಮರಳಲು 2023ರ ಆಗಸ್ಟ್‌ನಲ್ಲಿ ಅವಕಾಶ ಕೊಟ್ಟಿತು. ಅವಧಿ ಮುಗಿದರೂ ವಾಪಸಾಗಲು ಆಗದೆ ಎಷ್ಟೋ ಕುಟುಂಬಗಳು ಹೊರಗೇ ಉಳಿದವು, ಮಕ್ಕಳು ಹೊರಗಿನ ಶಾಲೆಗಳಲ್ಲಿ ಬೆಳೆದರು. ಅತ್ತ ಊರಿನಲ್ಲಿ 2020ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ಬಂದು, ದಕ್ಷಿಣದ ಸಿನಿಮಾ, ಹಾಡು ಹಂಚಿದವರಿಗೆ ಮರಣದಂಡನೆವರೆಗೂ ಶಿಕ್ಷೆ ನಿಗದಿಯಾಯಿತು. ಗಡಿ ತೆರೆದಾಗ ವಾಪಸಾತಿಯ ಆದೇಶಗಳು ಬರತೊಡಗಿದವು. 2023ರಲ್ಲಿ ದಕ್ಷಿಣಕ್ಕೆ ಬಂದ 196 ಜನರಲ್ಲಿ ಸುಮಾರು 10 ಮಂದಿ ಅಧಿಕಾರಿ ವರ್ಗದವರು. 2017ರ ಬಳಿಕ ಇದೇ ಹೆಚ್ಚು ಎಂದು ದಕ್ಷಿಣದ ಏಕೀಕರಣ ಸಚಿವಾಲಯ ಹೇಳಿತು.

ಬಾಗಿಲು ದಾಟುವ ಕೆಲವು ಗಂಟೆ

ಹೊರಡುವ ಅಧಿಕಾರಿಗೆ ಎಲ್ಲಕ್ಕಿಂತ ಬೆಲೆಬಾಳುವುದು, ತಾನು ಇಲ್ಲವೆಂದು ಕಚೇರಿಗೆ ಗೊತ್ತಾಗುವ ಮೊದಲಿನ ಅವಧಿ. ಹೀಗಾಗಿ ಗುಟ್ಟು ಮನೆಯವರಿಗೂ ಕೊನೆಗಳಿಗೆಯಲ್ಲಷ್ಟೇ ತಿಳಿಯುತ್ತದೆ. ರಿ ವಿಮಾನ ಟಿಕೆಟ್ ಕೊಂಡು, ಹೊರಡಲು ಆರು ಗಂಟೆ ಇದ್ದಾಗ ಮನೆಯವರಿಗೆ ಹೇಳಿದರಂತೆ. ಅದೂ ‘ಹೊರದೇಶದಲ್ಲಿ ಬದುಕೋಣ’ ಎಂದಷ್ಟೇ. ದಕ್ಷಿಣ ಕೊರಿಯಾ ಎನ್ನಲಿಲ್ಲ. ಕುವೈತ್‌ನಲ್ಲಿ ಪ್ರಭಾರ ರಾಯಭಾರಿಯಾಗಿದ್ದ ರ್ಯು ಹ್ಯುನ್-ವೂ 2019ರ ಸೆಪ್ಟೆಂಬರ್‌ನಲ್ಲಿ ಮಗಳನ್ನು ಶಾಲೆಗೆ ಬಿಡುವವರಂತೆ ಕಾರು ಹತ್ತಿಸಿ, ದಾರಿಯಲ್ಲಿ ವಿಷಯ ತಿಳಿಸಿ, ನೇರ ದಕ್ಷಿಣ ಕೊರಿಯಾದ ರಾಯಭಾರ ಕಚೇರಿಗೆ ಹೋದರು. ಕೆಲವೇ ದಿನಗಳಲ್ಲಿ ಸೋಲ್ ತಲುಪಿದರು. ಅವರ ಮಾವ ಆಡಳಿತ ಕುಟುಂಬದ ಖಾಸಗಿ ಹಣಕಾಸು ನಿಭಾಯಿಸುವ ‘39ನೇ ಕಚೇರಿ’ಯ ಮುಖ್ಯಸ್ಥರಾಗಿದ್ದವರು. ಈ ಸುದ್ದಿಯೂ ಹೊರಬಂದದ್ದು 2021ರ ಜನವರಿಯಲ್ಲಿ.

ಯಾರ ಬಾಗಿಲು ತಟ್ಟಬೇಕು ಎಂಬುದು ಎರಡನೆಯ ತೀರ್ಮಾನ, ತಪ್ಪಿದರೆ ದೊಡ್ಡ ಅಪಾಯ. ದಕ್ಷಿಣ ಕೊರಿಯಾದ ಸಂವಿಧಾನದ 3ನೇ ವಿಧಿ ಇಡೀ ಕೊರಿಯಾ ಪರ್ಯಾಯ ದ್ವೀಪವನ್ನು ತನ್ನ ಭೂಭಾಗ ಎನ್ನುತ್ತದೆ. ಆದ್ದರಿಂದ ಉತ್ತರದವನು ಅಲ್ಲಿ ಆಶ್ರಯ ಬೇಡುವ ವಿದೇಶಿಯಲ್ಲ, ಹುಟ್ಟಿನಿಂದಲೇ ಪ್ರಜೆ. ಈ ಸೌಲಭ್ಯ ಬೇರೆ ಯಾವ ದೇಶದಲ್ಲೂ ಇಲ್ಲ. ಅಮೆರಿಕಕ್ಕೆ ಹೋಗಬಯಸುವ ಬೆಲೆಯುಳ್ಳ ಅಧಿಕಾರಿಗೆ 1949ರ ಸಿಐಎ ಕಾಯ್ದೆಯಲ್ಲೊಂದು ಕಿಂಡಿ ಇದೆ: ವಲಸೆ ನಿಯಮಗಳನ್ನು ಬದಿಗಿಟ್ಟು ವರ್ಷಕ್ಕೆ ಗರಿಷ್ಠ 100 ಮಂದಿಗೆ ಕಾಯಂ ವಾಸಕ್ಕೆ ಅವಕಾಶ. 1997ರಲ್ಲಿ ಈಜಿಪ್ಟ್‌ನಲ್ಲಿದ್ದ ಉತ್ತರ ಕೊರಿಯಾದ ರಾಯಭಾರಿಯೇ ಅಮೆರಿಕ ಸೇರಿದರು. ಮೂರನೆಯ ದಾರಿ 1951ರ ನಿರಾಶ್ರಿತರ ಒಪ್ಪಂದ. ಅಧಿಕಾರಿಗೆ ಇದೇ ಕಷ್ಟದ್ದು, ಏಕೆಂದರೆ ಮಾನವತೆಯ ವಿರುದ್ಧ ಅಪರಾಧದಲ್ಲಿ ಭಾಗಿಯಾದ ಬಲವಾದ ಶಂಕೆ ಇದ್ದವರನ್ನು ಆ ಒಪ್ಪಂದ ಹೊರಗಿಡುತ್ತದೆ. ದಮನ ಯಂತ್ರದಲ್ಲಿ ತಾನು ಯಾವ ಹಲ್ಲಾಗಿದ್ದೆ ಎಂದು ಅವನು ವಿವರಿಸಬೇಕಾಗುತ್ತದೆ.

ತಪ್ಪು ಬಾಗಿಲು ತಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಉದಾಹರಣೆ ಕೆನಡಾದ ರಾಜಧಾನಿ ಒಟ್ಟಾವದ ಇಗೊರ್ ಗುಜೆಂಕೊ. ಸೋವಿಯತ್ ರಾಯಭಾರ ಕಚೇರಿಯ ಈ ಸಂಕೇತಲಿಪಿ ಗುಮಾಸ್ತ 1945ರ ಸೆಪ್ಟೆಂಬರ್ 5ರ ರಾತ್ರಿ 109 ದಾಖಲೆಗಳೊಂದಿಗೆ ಹೊರಬಿದ್ದು, ಪೊಲೀಸರ ಬದಲು ಪತ್ರಿಕಾ ಕಚೇರಿಗೆ ಹೋದ. ಅವರಿಗೆ ಅರ್ಥವಾಗಲಿಲ್ಲ. ಮರುದಿನ ಗರ್ಭಿಣಿ ಹೆಂಡತಿ, ಪುಟ್ಟ ಮಗುವಿನೊಂದಿಗೆ ಸರ್ಕಾರಿ ಕಚೇರಿಗಳ ನಡುವೆ ಅಲೆದ. ಎಲ್ಲೂ ಒಳಗೆ ಕರೆಯಲಿಲ್ಲ. ಆ ರಾತ್ರಿ ಸೋವಿಯತ್ ಅಧಿಕಾರಿಗಳು ಬಂದು ಅವನ ಮನೆಯ ಬಾಗಿಲು ಒಡೆದರು. ಎದುರು ಮನೆಯವರು ಕುಟುಂಬವನ್ನು ತಮ್ಮಲ್ಲಿ ಇಟ್ಟುಕೊಂಡಿದ್ದರಿಂದ ಅವರೆಲ್ಲ ಉಳಿದರು. ಪರದೇಶದ ಕಚೇರಿಗೆ ನಡೆದು ಬಂದವನನ್ನು ಮೊದಲು ಯಾರೂ ನಂಬುವುದಿಲ್ಲ; ಅವನು ಹುಚ್ಚನೋ, ಬಲೆ ಬೀಸಲು ಬಂದವನೋ ಎಂಬ ಅನುಮಾನವೇ ಮುಂದಾಗುತ್ತದೆ.

ಆತಿಥೇಯ ದೇಶಕ್ಕೂ ಇದು ಇಕ್ಕಟ್ಟು. ಹ್ವಾಂಗ್ 1997ರ ಫೆಬ್ರುವರಿ 12ರಂದು ಬೀಜಿಂಗ್‌ನ ದಕ್ಷಿಣ ಕೊರಿಯಾ ಕಾನ್ಸುಲೇಟ್‌ಗೆ ನುಗ್ಗಿದಾಗ ಚೀನಾಕ್ಕೆ ಎರಡೂ ಕೊರಿಯಾಗಳು ಬೇಕಾಗಿದ್ದವು. ಐದು ವಾರ ಅವರು ಆ ಕಟ್ಟಡದಿಂದ ಹೊರಬರಲಿಲ್ಲ. ಕೊನೆಗೆ ಚೀನಾ ಅವರನ್ನು ಸೋಲ್‌ಗೆ ಬಿಡದೆ ಫಿಲಿಪ್ಪೀನ್ಸ್‌ಗೆ ಕಳಿಸಿತು. ಅಲ್ಲಿ ಒಂದು ತಿಂಗಳು ಇದ್ದು ಏಪ್ರಿಲ್ 20ರಂದು ಸೋಲ್‌ಗೆ ಇಳಿದರು. ‘ನಾವು ಅವನನ್ನು ನಿಮ್ಮ ಶತ್ರುವಿಗೆ ಒಪ್ಪಿಸಲಿಲ್ಲ’ ಎಂದು ಪ್ಯಾಂಗ್ಯಾಂಗ್‌ಗೆ ಹೇಳಲು ಚೀನಾಕ್ಕೆ ಆ ಒಂದು ತಿಂಗಳು ಬೇಕಿತ್ತು.

ವಿಚಾರಣೆ: ಮೊದಲ ತೊಂಬತ್ತು ದಿನ

ಸೋಲ್ ತಲುಪಿದ ಪ್ರತಿಯೊಬ್ಬರನ್ನೂ ರಾಷ್ಟ್ರೀಯ ಗುಪ್ತಚರ ಸೇವೆ ಮೊದಲು ವಿಚಾರಿಸುತ್ತದೆ. ಗರಿಷ್ಠ ಅವಧಿ ಹಿಂದೆ 180 ದಿನವಿತ್ತು. 2018ರಲ್ಲಿ 90ಕ್ಕೆ ಇಳಿಸಿದರು. ಸಾಮಾನ್ಯರು ಬಳಿಕ ‘ಹನಾವನ್’ ಎಂಬ ತರಬೇತಿ ಕೇಂದ್ರದಲ್ಲಿ 12 ವಾರ ಕಳೆಯುತ್ತಾರೆ. ಬ್ಯಾಂಕ್ ಖಾತೆ, ಉದ್ಯೋಗ, ಕಂಪ್ಯೂಟರ್, ದಕ್ಷಿಣದ ಆಡುಮಾತು ಎಲ್ಲ ಅಲ್ಲಿ ಕಲಿಯುತ್ತಾರೆ. ದೇಶದ ಭದ್ರತೆಗೆ ಗಣನೀಯವಾಗಿ ಸಂಬಂಧಿಸಿದವರ ವಿಷಯ ಬೇರೆ. 1997ರ ರಕ್ಷಣೆ ಮತ್ತು ಪುನರ್ವಸತಿ ಕಾನೂನಿನಂತೆ ಅವರ ರಕ್ಷಣೆಯ ತೀರ್ಮಾನ ಏಕೀಕರಣ ಸಚಿವರದ್ದಲ್ಲ, ಗುಪ್ತಚರ ಮುಖ್ಯಸ್ಥರದ್ದು. ಅವರು ಹನಾವನ್‌ಗೆ ಹೋಗದೆ ಗುಪ್ತಚರ ಸೇವೆಯ ಮನೆಗಳಲ್ಲೇ ಉಳಿಯುತ್ತಾರೆ. ಹಾಗಾಗಿಯೇ ‘ಯಾವಾಗ ಹೇಳಬೇಕು’ ಎಂಬ ನಿರ್ಧಾರವೂ ಅದೇ ಸಂಸ್ಥೆಯ ಕೈಯಲ್ಲಿ ಉಳಿಯುತ್ತದೆ.

ವಿಚಾರಣೆಯ ವಿಧಾನದಲ್ಲಿ ಮಾಂತ್ರಿಕತೆ ಏನಿಲ್ಲ. ಹುಟ್ಟಿನಿಂದ ಇಲ್ಲಿಯವರೆಗಿನ ಜೀವನವೃತ್ತಾಂತವನ್ನು ಬರೆಸುತ್ತಾರೆ, ಕೆಲವು ದಿನ ಬಿಟ್ಟು ಮತ್ತೆ ಬರೆಸುತ್ತಾರೆ. ಎರಡರ ನಡುವಿನ ವ್ಯತ್ಯಾಸಗಳಿಂದ ಪ್ರಶ್ನೆ ಹುಟ್ಟುತ್ತದೆ. ಕಚೇರಿಯ ಯಾವ ಮಹಡಿಯಲ್ಲಿ ಯಾರ ಕೋಣೆ, ಆದೇಶಕ್ಕೆ ಯಾರ ಸಹಿ, ಹಣ ಯಾವ ದಾರಿಯಲ್ಲಿ ಹೋಗುತ್ತಿತ್ತು ಎಂಬ ಉತ್ತರಗಳನ್ನು ಹಿಂದೆ ಬಂದವರ ಹೇಳಿಕೆಗಳಿಗೆ ಹೋಲಿಸುತ್ತಾರೆ. ಸಣ್ಣ ವಿವರದಲ್ಲಿ ತಪ್ಪದವನನ್ನು ದೊಡ್ಡ ವಿಷಯದಲ್ಲಿ ನಂಬುತ್ತಾರೆ.

ಇಲ್ಲಿ ಎರಡು ಬಗೆಯ ಎಡವಟ್ಟು ಆಗುತ್ತದೆ. ಒಂದು, ಅತಿ ಅನುಮಾನ. 1964ರಲ್ಲಿ ಅಮೆರಿಕಕ್ಕೆ ಬಂದ, ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯ ಯೂರಿ ನೊಸೆಂಕೊನನ್ನು ಸಿಐಎ ನಕಲಿ ಎಂದು ಶಂಕಿಸಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿಟ್ಟಿತು. ಆಮೇಲೆ ಅವನು ಸಾಚಾ ಎಂದು ತೀರ್ಮಾನಿಸಿ ತಾನೇ ಸಲಹೆಗಾರನಾಗಿ ನೇಮಿಸಿಕೊಂಡಿತು. ಸೋಲ್‌ನ ದಾಖಲೆಯೂ ಸ್ವಚ್ಛವಲ್ಲ: ನಗರಾಡಳಿತದ ನೌಕರನೊಬ್ಬನನ್ನು 2013ರಲ್ಲಿ ಗೂಢಚಾರನೆಂದು ಸಿಲುಕಿಸಲು ಅವನ ತಂಗಿಯನ್ನು ವಿಚಾರಣಾ ಕೇಂದ್ರದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡರು. ಚೀನಾದ ಹೆಸರಿನಲ್ಲಿ ಖೋಟಾ ದಾಖಲೆ ಸೃಷ್ಟಿಸಿದ್ದೂ ಬಯಲಾಗಿ 2015ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಖುಲಾಸೆಗೊಳಿಸಿತು.

ಇನ್ನೊಂದು, ಉತ್ಪ್ರೇಕ್ಷೆ. ಗೊತ್ತಿರುವುದೆಲ್ಲ ಹೇಳಿ ಮುಗಿದ ಮೇಲೂ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಊಹೆಯನ್ನು ಮಾಹಿತಿಯಂತೆ ಹೇಳುವ ಆಸೆ ಹುಟ್ಟುತ್ತದೆ. ಅಧಿಕಾರಿಯ ಮಾಹಿತಿಗೆ ಆಯಸ್ಸು ಕಡಿಮೆ. ಅವನು ಹೋದ ಕೂಡಲೇ ಸಂಕೇತ, ಖಾತೆ, ಸಂಪರ್ಕ ಎಲ್ಲ ಬದಲಾಗುತ್ತವೆ. ಉಳಿಯುವುದು ವ್ಯವಸ್ಥೆ ಹೇಗೆ ಯೋಚಿಸುತ್ತದೆ ಎಂಬ ತಿಳಿವಳಿಕೆ. ಅದು ನಿಜಕ್ಕೂ ಬೆಲೆಯುಳ್ಳದ್ದು, ಆದರೆ ಟಿವಿ ಚರ್ಚೆಗೆ ಬೇಕಾದದ್ದು ಅದಲ್ಲ. 2020ರ ಏಪ್ರಿಲ್‌ನಲ್ಲಿ ಕಿಮ್ ಜಾಂಗ್ ಉನ್ ಕಾಣಿಸಿಕೊಳ್ಳದಿದ್ದಾಗ, ಅವರು ಎದ್ದು ನಿಲ್ಲಲಾರದ ಸ್ಥಿತಿಯಲ್ಲಿದ್ದಾರೆ ಎಂದು ಥೇ ಹೇಳಿದರು. ಕಿಮ್ ಮೇ 1ರಂದು ರಸಗೊಬ್ಬರ ಕಾರ್ಖಾನೆ ಉದ್ಘಾಟಿಸಿದರು. ಥೇ ಕ್ಷಮೆ ಕೇಳಿದರು. ನಾಲ್ಕು ವರ್ಷದ ಹಿಂದೆ ಲಂಡನ್ ಬಿಟ್ಟವರಿಗೆ ಪ್ಯಾಂಗ್ಯಾಂಗ್‌ನ ಆಸ್ಪತ್ರೆಯ ಒಳಸುದ್ದಿ ತಿಳಿಯಲು ದಾರಿ ಎಲ್ಲಿತ್ತು?

ಹಣ, ಹೆಸರು, ಕಾವಲು

ಓಡಿಬಂದವರು ಕೋಟ್ಯಧೀಶರಾಗುತ್ತಾರೆ ಎಂಬ ನಂಬಿಕೆ ಬಲವಾಗಿದೆ. ಮೂಲ ಪುನರ್ವಸತಿ ಹಣ ಒಬ್ಬರಿಗೆ 2025ರಲ್ಲಿ 1.5 ಕೋಟಿ ವಾನ್ (ದಕ್ಷಿಣ ಕೊರಿಯಾದ ಹಣ), ಮನೆಗೆಂದು ಸುಮಾರು 1.6 ಕೋಟಿ ವಾನ್. ಸೋಲ್‌ನ ಬಾಡಿಗೆ ಲೆಕ್ಕದಲ್ಲಿ ಇದು ಆರಂಭಕ್ಕೂ ಬಿಗಿ. ಅಧಿಕಾರಿಗೆ ಬೇರೆ ಲೆಕ್ಕ ಇದೆ: ತಂದ ಮಾಹಿತಿಯ ಬೆಲೆಗೆ ತಕ್ಕ ಬಹುಮಾನ. ಇದರ ಗರಿಷ್ಠ ಮಿತಿಯನ್ನು 2017ರಲ್ಲಿ 25 ಕೋಟಿಯಿಂದ 100 ಕೋಟಿ ವಾನ್‌ಗೆ ಏರಿಸಿದರು. ಆದರೆ ಅದು ಮಿತಿ, ಎಲ್ಲರಿಗೂ ಸಿಗುವ ಮೊತ್ತವಲ್ಲ. ಹ್ವಾಂಗ್‌ರಂಥವರಿಗೆ ಆಗಿನ ಗರಿಷ್ಠ 25 ಕೋಟಿ ಸಿಕ್ಕಿತ್ತು ಎಂಬ ವರದಿಗಳಿಂದ ಅಳತೆ ಗೊತ್ತಾಗುತ್ತದೆ.

ಹೆಸರೂ ಬದಲಾಗುತ್ತದೆ. ಥೇ ಸುರಕ್ಷತೆಗಾಗಿ ಬೇರೆ ಹೆಸರು, ಬೇರೆ ಜನ್ಮದಿನಾಂಕದಲ್ಲಿ ನೋಂದಾಯಿಸಿಕೊಂಡಿದ್ದರು. 2020ರಲ್ಲಿ ಗಂಗ್ನಮ್‌ನಿಂದ ಸಂಸತ್ತಿಗೆ ನಿಂತಾಗ ಆ ಹೆಸರಿನಲ್ಲೇ ಸ್ಪರ್ಧಿಸಬೇಕಾಯಿತು! ಕಾವಲುಗಾರರು ಮಾತ್ರ ಯಾವ ಹೆಸರಿನಲ್ಲೂ ಬಿಡುವುದಿಲ್ಲ. ಅದಕ್ಕೆ ಕಾರಣಗಳಿವೆ. ಕಿಮ್ ಜಾಂಗ್ ಇಲ್‌ರ ಸಂಗಾತಿಯೊಬ್ಬರ ಸೋದರಿಯ ಮಗ ಯಿ ಹಾನ್-ಯಾಂಗ್ 1982ರಲ್ಲೇ ದಕ್ಷಿಣಕ್ಕೆ ಬಂದು ಹೆಸರು, ಮುಖ ಎರಡನ್ನೂ ಬದಲಿಸಿಕೊಂಡು ಬದುಕಿದ್ದರು. ಆಮೇಲೆ ಹಣದ ಮುಗ್ಗಟ್ಟಿನಲ್ಲಿ ಬಹಿರಂಗವಾಗಿ ಮಾತನಾಡತೊಡಗಿದರು. ಹ್ವಾಂಗ್ ಬೀಜಿಂಗ್‌ನಲ್ಲಿ ಆಶ್ರಯ ಕೇಳಿದ ಮೂರೇ ದಿನಕ್ಕೆ, 1997ರ ಫೆಬ್ರುವರಿ 15ರಂದು, ಬುಂದಾಂಗ್‌ನ ಮನೆಯೆದುರು ಅವರಿಗೆ ಗುಂಡು ಬಿತ್ತು. ಹತ್ತು ದಿನದ ಬಳಿಕ ತೀರಿಕೊಂಡರು. ಹ್ವಾಂಗ್‌ರನ್ನು ಕೊಲ್ಲಲು ಬಂದ ಇಬ್ಬರು 2010ರ ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದರು, ಹತ್ತು ವರ್ಷ ಜೈಲಾಯಿತು. ಬಂದು ಹದಿಮೂರು ವರ್ಷವಾದರೂ ಲೆಕ್ಕ ತೀರಿರಲಿಲ್ಲ.

ಹೇಳಿದರೆ ಏನು, ಹೇಳದಿದ್ದರೆ ಏನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಅಧಿಕಾರಿಯೊಬ್ಬ ಕಾಣೆಯಾದ ಕೂಡಲೇ ಪ್ಯಾಂಗ್ಯಾಂಗ್‌ಗೆ ವಿಷಯ ಗೊತ್ತಾಗುತ್ತದೆ. ಹಾಗಿದ್ದರೆ ಮುಚ್ಚಿಡುವುದು ಯಾರಿಂದ?

ಉತ್ತರ ಕೊರಿಯಾದ ಜನರಿಂದ ಮತ್ತು ಜಗತ್ತಿನಿಂದ. ಉತ್ತರದಲ್ಲಿ ಒಬ್ಬನ ತಪ್ಪಿಗೆ ಇಡೀ ಬಂಧುಬಳಗ ಶಿಕ್ಷೆ ಅನುಭವಿಸುವ ಪದ್ಧತಿ ಇದೆ. ಆದರೆ ಆ ಶಿಕ್ಷೆಯ ಪ್ರಮಾಣ, ಆಡಳಿತಕ್ಕೆ ಆದ ಮುಖಭಂಗವನ್ನು ಹಿಂಬಾಲಿಸುತ್ತದೆ. ಸುದ್ದಿ ಹೊರಬರದಿದ್ದರೆ ‘ಅಪಘಾತದಲ್ಲಿ ಕಾಣೆ’, ‘ಇನ್ನೂ ಪತ್ತೆಯಿಲ್ಲ’ ಎಂದು ದಾಖಲೆಯಲ್ಲಿ ಬರೆದುಕೊಳ್ಳಲು ಕೆಳಗಿನ ಅಧಿಕಾರಿಗಳಿಗೂ ಅನುಕೂಲ, ಏಕೆಂದರೆ ಅವರ ತಲೆಯೂ ಉಳಿಯಬೇಕು. ಒಮ್ಮೆ ಅವನು ಸೋಲ್‌ನ ವೇದಿಕೆಯಲ್ಲಿ ಕಾಣಿಸಿಕೊಂಡರೆ ಅನಿಶ್ಚಿತತೆಯ ಆ ಸಣ್ಣ ಆಸರೆಯೂ ಹೋಗುತ್ತದೆ. ಹ್ವಾಂಗ್ ಬಂದದ್ದು ಮೊದಲ ದಿನವೇ ಜಗತ್ತಿಗೆ ಗೊತ್ತಾಗಿತ್ತು. ಅವರ ಪತ್ನಿ ಆತ್ಮಹತ್ಯೆ ಮಾಡಿಕೊಂಡರೆಂದೂ ಮಕ್ಕಳು, ಬಂಧುಗಳು ಶಿಬಿರ ಸೇರಿದರೆಂದೂ ನಂತರದ ವರದಿಗಳು ಹೇಳಿದವು.

ಥೇ ಪ್ರಕರಣ ಬೇರೆ ಏಕೆಂದರೆ ಅವರ ಪತ್ನಿ, ಇಬ್ಬರು ಗಂಡುಮಕ್ಕಳು ಲಂಡನ್‌ನಲ್ಲಿ ಜೊತೆಗಿದ್ದರು. ಒಂದು ಮಗುವನ್ನು ಊರಿನಲ್ಲೇ ಒತ್ತೆಯಂತೆ ಉಳಿಸಿಕೊಳ್ಳುವುದು ಆಡಳಿತದ ವಾಡಿಕೆ. ಥೇಗೆ ಆ ಸರಪಳಿ ಇರಲಿಲ್ಲ. ಅವರು ಬಂದದ್ದನ್ನು 2016ರ ಆಗಸ್ಟ್ 17ರಂದು ಸರ್ಕಾರವೇ ಘೋಷಿಸಿತು. ಮೂರೇ ದಿನಕ್ಕೆ ಉತ್ತರದ ಸುದ್ದಿಸಂಸ್ಥೆ ಅವರನ್ನು ಹಣ ನುಂಗಿದವ, ರಹಸ್ಯ ಮಾರಿದವ, ಅಪ್ರಾಪ್ತೆಯ ಮೇಲೆ ಅತ್ಯಾಚಾರ ಮಾಡಿದವ ಎಂದಿತು. ಈ ಆರೋಪಪಟ್ಟಿ ಹೆಚ್ಚುಕಡಿಮೆ ಎಲ್ಲ ಪ್ರಕರಣಗಳಿಗೂ ಸಿದ್ಧವಾಗಿರುತ್ತದೆ. ಇದರ ಉದ್ದೇಶ ಬೈಗುಳವಷ್ಟೇ ಅಲ್ಲ. ದಕ್ಷಿಣದ ಕಾನೂನಿನಲ್ಲೂ ಗಂಭೀರ ಅಪರಾಧ ಎಸಗಿದವರಿಗೆ ರಕ್ಷಣೆ ನಿರಾಕರಿಸಲು ಅವಕಾಶವಿದೆ. ಆತಿಥೇಯ ದೇಶದ ಮುಂದೆ ‘ನಮ್ಮ ಅಪರಾಧಿಯನ್ನು ಒಪ್ಪಿಸಿ’ ಎನ್ನಲೂ ಆಧಾರ ಬೇಕು. ಸಾಕ್ಷ್ಯವಿಲ್ಲದ ಆರೋಪ ಸೋಲ್‌ನಲ್ಲಿ ನಡೆಯಲಿಲ್ಲ, ಆದರೆ ಇಂದಿಗೂ ರಾಜಕೀಯ ಜಗಳಗಳಲ್ಲಿ ಅದನ್ನು ಎತ್ತುವವರಿದ್ದಾರೆ.

ಜೋ ಸಾಂಗ್-ಗಿಲ್‌ರದು ಇದರ ತಿರುಗುಮುರುಗು. 2018ರ ನವೆಂಬರ್ 10ರಂದು ಅವರು ಪತ್ನಿಯೊಂದಿಗೆ ರೋಮ್‌ನ ರಾಯಭಾರ ಕಚೇರಿಯಿಂದ ಕಾಣೆಯಾದರು. ಹದಿಹರೆಯದ ಮಗಳು ಹಿಂದೆ ಉಳಿದಳು. ನಾಲ್ಕು ದಿನದ ಬಳಿಕ, 14ರಂದು, ಆಕೆ ಅಜ್ಜ–ಅಜ್ಜಿಯ ಬಳಿ ಹೋಗಬಯಸಿ ಮಹಿಳಾ ಸಿಬ್ಬಂದಿಯೊಂದಿಗೆ ಉತ್ತರ ಕೊರಿಯಾಕ್ಕೆ ಮರಳಿದಳು ಎಂದು ರಾಯಭಾರ ಕಚೇರಿ ಇಟಲಿಗೆ ತಿಳಿಸಿತು. ಆ ‘ಬಯಕೆ’ಯನ್ನು ಇಟಲಿಯ ಅಧಿಕಾರಿಗಳು ಪರೀಕ್ಷಿಸುವ ಅವಕಾಶವೇ ಬರಲಿಲ್ಲ. ರಾಯಭಾರ ಕಚೇರಿ ಡಿಸೆಂಬರ್ 5ರಂದು ವಿಷಯ ತಿಳಿಸುವ ಹೊತ್ತಿಗೆ ಮಗಳು ಹೋಗಿ ಮೂರು ವಾರ ಕಳೆದಿತ್ತು. 2019ರ ಜನವರಿಯಲ್ಲಿ ಥೇ ಬಹಿರಂಗ ಪತ್ರ ಬರೆದು ಅವರನ್ನು ಸೋಲ್‌ಗೆ ಬರುವಂತೆ ಕರೆದರು. ಸದುದ್ದೇಶವೇ ಇರಬಹುದು, ಮಗಳು ಅತ್ತ ಇರುವ ತಂದೆಗೆ ಅಂಥ ಕರೆ ಎಷ್ಟು ಭಾರವೆಂದು ಥೇಗೆ ಗೊತ್ತಿರಬೇಕಿತ್ತು. ಜೋ ಬಂದರು, ಆದರೆ ಮೌನವಾಗಿ. 2020ರಲ್ಲಿ ಟಿವಿ ವಾಹಿನಿ ಮತ್ತು ಸಂಸದರೊಬ್ಬರ ಮೂಲಕ ಸುದ್ದಿ ಬಯಲಾದಾಗ, ‘ಮಗಳ ಗತಿಯೇನು’ ಎಂದು ಸರ್ಕಾರವನ್ನೂ ಮಾಧ್ಯಮವನ್ನೂ ದೂರಿದವರಲ್ಲಿ ತಪ್ಪೇನೂ ಕಾಣುವುದಿಲ್ಲ.

ಸೋರಿಕೆಯಿಂದ ಗುಪ್ತಚರ ಸಂಸ್ಥೆಗೂ ನಷ್ಟವಿದೆ. 1985ರ ಆಗಸ್ಟ್‌ನಲ್ಲಿ ರೋಮ್‌ನಲ್ಲಿ ಅಮೆರಿಕನ್ನರ ಬಳಿ ಬಂದ ಕೆಜಿಬಿಯ ವಿಟಾಲಿ ಯುರ್ಚೆಂಕೊ ತನ್ನ ವಿಷಯ ಗುಟ್ಟಾಗಿರಬೇಕೆಂದು ಬಯಸಿದ್ದ. ಅವನು ಹೇಳಿದ್ದು ವಾರಗಳಲ್ಲೇ ಪತ್ರಿಕೆಗಳಿಗೆ ಬಂತು. ನವೆಂಬರ್ 2ರಂದು ವಾಷಿಂಗ್ಟನ್‌ನ ರೆಸ್ಟೋರೆಂಟ್‌ನಲ್ಲಿ ಊಟದ ಮಧ್ಯೆ ಎದ್ದು, ಕಾವಲಿಗಿದ್ದ ಸಿಐಎ ನೌಕರನನ್ನು ಅಲ್ಲೇ ಬಿಟ್ಟು ನಡೆದು ಹೋದವನು ಸೋವಿಯತ್ ರಾಯಭಾರ ಕಚೇರಿಯಲ್ಲಿ ಪತ್ರಿಕಾಗೋಷ್ಠಿ ನಡೆಸಿದ: ನನ್ನನ್ನು ಅಪಹರಿಸಿ ಔಷಧ ಕೊಟ್ಟಿದ್ದರು! ಒಂಟಿತನ, ಮುರಿದ ಪ್ರೇಮ ಮುಂತಾದ ಕಾರಣಗಳೂ ಇದ್ದವು. ಆದರೂ ಮಾತು ಕೊಟ್ಟು ತಪ್ಪಿದರೆಂಬ ಸಿಟ್ಟು ಚಿಕ್ಕದಾಗಿರಲಿಲ್ಲ.

ಸೋಲ್‌ನ ಎರಡು ಪಾಳಯ

ಹಾಗಿದ್ದರೂ ಸರ್ಕಾರಗಳು ಸುದ್ದಿಯನ್ನು ಹೊರಬಿಡುವುದೇಕೆ? ಏಕೆಂದರೆ ಅದು ಆಂತರಿಕ ರಾಜಕೀಯದ ಸರಕೂ ಹೌದು. ಸಂಪ್ರದಾಯವಾದಿಗಳ ವಾದ ಇದು: ಒಬ್ಬ ಅಧಿಕಾರಿಗೆ ಸಿಕ್ಕ ಗೌರವ ನೋಡಿ ಇನ್ನೊಬ್ಬನಿಗೆ ಧೈರ್ಯ ಬರುತ್ತದೆ, ಆಡಳಿತ ಒಳಗಿನಿಂದ ಸಡಿಲವಾಗುತ್ತದೆ. ಈ ಪಾಳಯದ ಅಧ್ಯಕ್ಷ ಯೂನ್ ಸುಕ್-ಯೋಲ್ ಅವಧಿಯಲ್ಲಿ ವಿಶೇಷ ದಿನ ಘೋಷಿಸಿ ಥೇಗೆ ಹುದ್ದೆ ಕೊಟ್ಟದ್ದು ಈ ತರ್ಕದಿಂದ. ಪ್ರಗತಿಪರರು ಹೇಳುವುದು, ಅಧಿಕಾರಿಯನ್ನು ಮೆರೆಸಿದಷ್ಟೂ ಉತ್ತರ ಮಾತುಕತೆಯಿಂದ ಹಿಂದೆ ಸರಿಯುತ್ತದೆ, ಇನ್ನೂ ಒಳಗಿರುವವರ ಮೇಲೆ ಕಣ್ಗಾವಲು ಬಿಗಿಯಾಗುತ್ತದೆ.

ಎರಡಕ್ಕೂ ಪುರಾವೆ ಇದೆ. ಥೇ ಮಾತುಗಳನ್ನು ಕೇಳಿಸಿಕೊಂಡೇ ಧೈರ್ಯ ಮಾಡಿದೆ ಎನ್ನುವವರು ಸಿಗುತ್ತಾರೆ. ಅದೇ ಥೇ 2018ರ ಮೇನಲ್ಲಿ ಸಂಸತ್ ಭವನದಲ್ಲಿ ಮಾತನಾಡಿದ್ದನ್ನು ನೆಪ ಮಾಡಿ, ಸೇನಾ ಕವಾಯತನ್ನೂ ಸೇರಿಸಿ, ಉತ್ತರ ಉನ್ನತ ಮಟ್ಟದ ಮಾತುಕತೆ ರದ್ದು ಮಾಡಿತು. ಸುಮಾರು ಒಂದು ವಾರದಲ್ಲಿ ಅವರು ಗುಪ್ತಚರ ಸೇವೆಗೆ ಹೊಂದಿಕೊಂಡ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟರು. ಎರಡು ವರ್ಷದಲ್ಲಿ ಸಂಸದರಾದರು. 2023ರಲ್ಲಿ ಮಾತಿನ ವಿವಾದಗಳಿಗಾಗಿ ಸ್ವಂತ ಪಕ್ಷವೇ ಮೂರು ತಿಂಗಳು ಸದಸ್ಯತ್ವ ಅಮಾನತು ಮಾಡಿತು. ಅದೇ ವರ್ಷ ವಿರೋಧ ಪಕ್ಷದ ಸಾಲಿನಿಂದ ಸದನದಲ್ಲೇ ‘ಕಸ’ ಎಂಬ ಕೂಗು ಕೇಳಬೇಕಾಯಿತು. ಪ್ಯಾಂಗ್ಯಾಂಗ್ ಬಳಸುವ ಬೈಗುಳದ ನೆರಳು ಅದರಲ್ಲಿತ್ತು. 2024ರ ಚುನಾವಣೆಯಲ್ಲಿ ಬೇರೆ ಕ್ಷೇತ್ರದಲ್ಲಿ ನಿಂತು ಸೋತರು, ಮೂರು ತಿಂಗಳಿಗೆ ಉಪಸಚಿವ ದರ್ಜೆ ಸಿಕ್ಕಿತು. ಇಷ್ಟು ಏರಿಳಿತದಲ್ಲಿ ಅವರ ಸ್ವಂತ ಸಾಮರ್ಥ್ಯದ ಪಾಲೆಷ್ಟು, ಸೋಲ್‌ನಲ್ಲಿ ಯಾವ ಸರ್ಕಾರವಿತ್ತು ಎಂಬುದರ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮಾತೇ ಜೀವನೋಪಾಯವಾದವನು ಮಾತಿಗೆ ಬೆಲೆ ಕೊಡುವ ಸರ್ಕಾರವನ್ನು ಕಾಯಬೇಕಾಗುತ್ತದೆ.

ಮುಂದೇನು?

2025ರ ಜೂನ್‌ನಲ್ಲಿ ಅಧಿಕಾರಕ್ಕೆ ಬಂದ ಪ್ರಗತಿಪರ ಪಾಳಯದ ಅಧ್ಯಕ್ಷ ಲೀ ಜೇ-ಮ್ಯುಂಗ್ ಗಡಿಯ ಧ್ವನಿವರ್ಧಕ ಪ್ರಚಾರ ನಿಲ್ಲಿಸಿ ಮಾತುಕತೆಯ ಇಂಗಿತ ತೋರಿದ್ದಾರೆ. ಸಂವಿಧಾನ ಮತ್ತು 1997ರ ಕಾನೂನು ಇರುವ ತನಕ ಬಂದವರನ್ನು ಒಳಗೆ ಬಿಡುವುದು ನಿಲ್ಲುವುದಿಲ್ಲ. ಬದಲಾಗಬಹುದಾದದ್ದು ಘೋಷಣೆಯ ಹುಮ್ಮಸ್ಸು. ಆದ್ದರಿಂದ ಸುದ್ದಿ ಕಡಿಮೆಯಾದರೆ ಬರುವವರು ಕಡಿಮೆಯಾದರು ಎಂದುಕೊಳ್ಳಲಾಗದು.

ನಿಜವಾಗಿ ಸಂಖ್ಯೆ ಇಳಿದರೂ ಕಾರಣ ಸೋಲ್‌ನಲ್ಲಿ ಇರುವುದಿಲ್ಲ. 2023ರ ಕೊನೆಯಲ್ಲಿ ಉತ್ತರ ಕೊರಿಯಾ ಉಗಾಂಡ, ಅಂಗೋಲ, ಸ್ಪೇನ್ ಸೇರಿ ಹಲವು ರಾಯಭಾರ ಕಚೇರಿಗಳನ್ನು ಮುಚ್ಚಿತು. ನಿರ್ಬಂಧಗಳಿಂದ ಅವು ಹಣ ದುಡಿಯದಂತಾಗಿದ್ದವು. ಅಧಿಕಾರಿಗಳು ಹೆಚ್ಚಾಗಿ ಉಳಿಯುವುದು ಚೀನಾ, ರಷ್ಯಾಗಳಲ್ಲಿ. ಚೀನಾ 1951ರ ಒಪ್ಪಂದಕ್ಕೆ ಸಹಿ ಹಾಕಿದ್ದರೂ ಉತ್ತರದಿಂದ ಬಂದವರನ್ನು ಅಕ್ರಮ ವಲಸಿಗರೆಂದು ವಾಪಸ್ ಕಳಿಸುತ್ತದೆ. ರಷ್ಯ 2024ರ ಜೂನ್‌ನಲ್ಲಿ ಪ್ಯಾಂಗ್ಯಾಂಗ್‌ನೊಂದಿಗೆ ಸಮಗ್ರ ಪಾಲುದಾರಿಕೆಗೆ ಸಹಿ ಹಾಕಿದೆ. ಅದಕ್ಕೂ ಒಂದು ವರ್ಷ ಮೊದಲು ವ್ಲಾಡಿವೊಸ್ಟಾಕ್‌ನಲ್ಲಿ ಉತ್ತರ ಕೊರಿಯಾದವನೊಬ್ಬನ ಹೆಂಡತಿ, ಹದಿಹರೆಯದ ಮಗ ಕಾಣೆಯಾದಾಗ, ಇಬ್ಬರ ಭಾವಚಿತ್ರ, ವಯಸ್ಸು, ತೊಟ್ಟಿದ್ದ ಬಟ್ಟೆಯ ಬಣ್ಣ ಸಮೇತ ‘ಕಂಡವರು ತಿಳಿಸಿ’ ಎಂಬ ಪ್ರಕಟಣೆ ಹೊರಬಿದ್ದಿತ್ತು. ಹೊರಡಿಸಿದವರು ರಷ್ಯದವರೇ.